ಚಿಪ್ಸ್ ಪ್ಯಾಕೆಟಿಗೆ ಸರಿಯಾದ ಬೆಲೆ ಎಷ್ಟು? ಡೆರಿವೇಟಿವ್ ಹಾಕಿ ತೋರಿಸುವಿರಾ?

ಚಿಪ್ಸ್ ಅಂಗಡಿ, ಕಲ್ಸಂಕ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಉಂಟು. ನೇಂದ್ರ ಬಾಳೆಕಾಯಿ ಚಿಪ್ಸ್ ಅಲ್ಲೇ ಕರಿದು, ಅಲ್ಲೇ ಪ್ಯಾಕ್ ಮಾಡಿ ಮಾರುತ್ತೇವೆ. ತೆಂಗಿನೆಣ್ಣೆ ಬಿಟ್ಟು ಬೇರೆ ಎಣ್ಣೆ ಬಾಣಲೆಗೆ ಹಾಕುವುದಿಲ್ಲ.

ಕಾಲು ಕೆಜಿ ಪ್ಯಾಕೆಟಿಗೆ 100 ರೂಪಾಯಿ ಇದ್ದಾಗ ವಾರಕ್ಕೆ ಸುಮಾರು 300 ಹೋಗುತ್ತಿತ್ತು. 120 ಮಾಡಿದ ಮೇಲೆ 220ಕ್ಕೆ ನಿಂತಿದೆ. ಬಾಳೆಕಾಯಿ, ಎಣ್ಣೆ, ಗ್ಯಾಸ್, ಉಪ್ಪು, ಕವರ್ ಎಲ್ಲ ಸೇರಿ ಪ್ಯಾಕೆಟ್ ಒಂದಕ್ಕೆ 60 ರೂಪಾಯಿ ಬೀಳುತ್ತದೆ. ಬಾಡಿಗೆ, ಕರೆಂಟ್, ಸಂಬಳದಲ್ಲಿ ಚಿಪ್ಸಿನ ಪಾಲು ಅಂತ ವಾರಕ್ಕೆ 4,500 ಇಟ್ಟುಕೊಂಡಿದ್ದೇವೆ.

ಅಪ್ಪ 100ಕ್ಕೇ ಇಳಿಸು, ಗಿರಾಕಿ ಕಳೆದುಕೊಳ್ಳಬೇಡ ಅನ್ನುತ್ತಾರೆ. ಅಣ್ಣ 140 ಮಾಡು ಅನ್ನುತ್ತಾನೆ. ಪಿಯುಸಿ ಓದುವ ತಂಗಿ ಡೆರಿವೇಟಿವ್ ಹಾಕಿ ತೆಗೆಯಬಹುದು ಎಂದು ಶುರು ಮಾಡಿ ಅರ್ಧದಲ್ಲಿ ನಿಂತಿದ್ದಾಳೆ. ಬಲ್ಲವರು ಪೂರ್ತಿ ಮಾಡಿ ತೋರಿಸಿ. ಉತ್ತರ ಮಾತ್ರ ಸಾಲದು, ಯಾಕೆ ಎಂದೂ ಬೇಕು. ಮನೆಯಲ್ಲಿ ಒಪ್ಪಿಸಬೇಕಲ್ಲ.

ಗಣಿತ ಮೇಷ್ಟ್ರು, ಕುಂದಾಪುರ

ಒಳ್ಳೆಯ ಪ್ರಶ್ನೆ. ಅಂಕಿಗಳನ್ನು ಸರಿಯಾಗಿ ಬರೆದಿಟ್ಟಿದ್ದೀರಿ, ಅದೇ ದೊಡ್ಡ ಕೆಲಸ.

ಬೆಲೆಯನ್ನು 'ಬ' ಅನ್ನೋಣ. ವಾರಕ್ಕೆ ಹೋಗುವ ಪ್ಯಾಕೆಟ್ 'ಮ'. ಬೆಲೆ 20 ರೂಪಾಯಿ ಏರಿದಾಗ ಮಾರಾಟ 80 ಇಳಿಯಿತು. ಅಂದರೆ ಒಂದು ರೂಪಾಯಿ ಏರಿಸಿದರೆ 4 ಪ್ಯಾಕೆಟ್ ಕಡಿಮೆ. ಸದ್ಯಕ್ಕೆ ಇದು ನೇರ ಗೆರೆ ಎಂದು ಹಿಡಿಯೋಣ.

ಮ = 700 − 4ಬ

ಬ ಜಾಗದಲ್ಲಿ 100 ಹಾಕಿದರೆ 300 ಬರುತ್ತದೆ, 120 ಹಾಕಿದರೆ 220. ಸರಿ ಇದೆ. ಇನ್ನು ಲಾಭ. ಒಂದು ಪ್ಯಾಕೆಟಿನಲ್ಲಿ ಉಳಿಯುವುದು ಬ − 60. ಅದನ್ನು ಮಾರಾಟದಿಂದ ಗುಣಿಸಿ, ವಾರದ 4,500 ಕಳೆಯಬೇಕು.

ಲಾಭ = (ಬ − 60)(700 − 4ಬ) − 4,500
ಲಾಭ = −4ಬ² + 940ಬ − 46,500

ಡೆರಿವೇಟಿವ್ ಅಂದರೆ ಬೆಲೆ ಚೂರು ಏರಿಸಿದಾಗ ಲಾಭ ಯಾವ ದರದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ ಎನ್ನುವುದು. ಅದನ್ನು ತೆಗೆದರೆ: 940 − 8ಬ

ಇಲ್ಲಿ ಸ್ವಲ್ಪ ನಿಲ್ಲಿ. ಮಕ್ಕಳು ಇದನ್ನು ನೇರ ಸೊನ್ನೆಗೆ ಸಮ ಮಾಡಿ ಮುಗಿಸಿಬಿಡುತ್ತಾರೆ. ಆದರೆ ಈ ಸಾಲು ನಿಮ್ಮ ಮನೆಯ ಚರ್ಚೆಗೆ ನೇರವಾಗಿ ಉತ್ತರ ಹೇಳುತ್ತದೆ. ಅಪ್ಪ ಹೇಳಿದ 100 ಹಾಕಿ. 940 − 800 = 140. ಅಂದರೆ 100ರಲ್ಲಿ ನಿಂತು ಬೆಲೆಯನ್ನು ಒಂದು ರೂಪಾಯಿ ಏರಿಸಿದರೆ ವಾರದ ಲಾಭ ಸುಮಾರು 140 ರೂಪಾಯಿ ಏರುತ್ತದೆ. ಹಾಗಿದ್ದರೆ ಅಲ್ಲಿ ಯಾಕೆ ನಿಲ್ಲಬೇಕು? ಅಣ್ಣ ಹೇಳಿದ 140 ಹಾಕಿ. 940 − 1,120 = −180. ಅಲ್ಲಿ ಇನ್ನೊಂದು ರೂಪಾಯಿ ಏರಿಸಿದರೆ 180 ಹೋಗುತ್ತದೆ. ಅಂದರೆ ಕೆಳಗೆ ಇಳಿಯಬೇಕು. ಒಂದು ಕಡೆ ಏರು ಅನ್ನುತ್ತದೆ, ಇನ್ನೊಂದು ಕಡೆ ಇಳಿ ಅನ್ನುತ್ತದೆ. ಎರಡೂ ಹೇಳದ ಜಾಗವೇ ತುದಿ. 940 − 8ಬ = 0, ಆದ್ದರಿಂದ ಬ = 117.50.

ಆ ಬೆಲೆಗೆ 230 ಪ್ಯಾಕೆಟ್ ಹೋಗಬೇಕು, ಎಲ್ಲ ಕಳೆದು ವಾರಕ್ಕೆ 8,725 ಉಳಿಯಬೇಕು. ಎರಡನೆಯ ಡೆರಿವೇಟಿವ್, ಅಂದರೆ 940 − 8ಬ ಸಾಲಿನದ್ದೇ ಡೆರಿವೇಟಿವ್, −8, ಋಣ ಸಂಖ್ಯೆ. ಹಾಗಾಗಿ ಇದು ಗರಿಷ್ಠವೇ, ಕನಿಷ್ಠ ಅಲ್ಲ.

ಕಲ್ಸಂಕದ ತಂಗಿ

ಸರ್, ನಾನು ನಿಂತಿದ್ದು ಬೇರೆ ಕಡೆ. ನಾನು ಬ × ಮ ಮಾತ್ರ ತೆಗೆದುಕೊಂಡಿದ್ದೆ. 700ಬ − 4ಬ². ಅದರ ಡೆರಿವೇಟಿವ್ 700 − 8ಬ. ಉತ್ತರ 87.50 ಬಂತು. ನಿಮ್ಮದು 117.50. ಮೂವತ್ತು ರೂಪಾಯಿ ವ್ಯತ್ಯಾಸ ಯಾಕೆ?

ಲೆಕ್ಕಪತ್ರ, ಹಂಪನಕಟ್ಟೆ

ನೀವು ತೆಗೆದದ್ದು ಗಲ್ಲಾ ಪೆಟ್ಟಿಗೆಯಲ್ಲಿ ಬೀಳುವ ಹಣ ಅತಿ ಹೆಚ್ಚಾಗುವ ಬೆಲೆ. ಲೆಕ್ಕ ಸರಿಯೇ. 87.50ಕ್ಕೆ ಮಾರಿದರೆ 350 ಪ್ಯಾಕೆಟ್ ಹೋಗುತ್ತದೆ, ವ್ಯಾಪಾರ 30,625 ರೂಪಾಯಿ. ಇದಕ್ಕಿಂತ ದೊಡ್ಡ ವ್ಯಾಪಾರ ಈ ಗೆರೆಯಲ್ಲಿ ಇಲ್ಲ. ಆದರೆ ಪ್ಯಾಕೆಟಿನಲ್ಲಿ ಉಳಿಯುವುದು 27.50 ಮಾತ್ರ. ಎಲ್ಲ ಕಳೆದರೆ ವಾರಕ್ಕೆ 5,125. ಮೇಷ್ಟ್ರ ಬೆಲೆಯಲ್ಲಿ ವ್ಯಾಪಾರ 27,025ಕ್ಕೆ ಇಳಿಯುತ್ತದೆ, ಲಾಭ 8,725ಕ್ಕೆ ಏರುತ್ತದೆ.

ಮಂಗಳೂರಿನಲ್ಲಿ ನಾನು ಲೆಕ್ಕ ಬರೆಯುವ ಸಣ್ಣ ಅಂಗಡಿಗಳಲ್ಲಿ ಇದನ್ನೇ ಮತ್ತೆ ಮತ್ತೆ ನೋಡುತ್ತೇನೆ. ಸಂಜೆ ಗಲ್ಲಾ ತುಂಬಿದ್ದರೆ ಖುಷಿ. ಸಾಮಾನಿನ ಬಿಲ್ಲು ತಿಂಗಳ ಕೊನೆಗೆ ಬರುತ್ತದೆ. ಅಲ್ಲಿಯ ತನಕ ವ್ಯಾಪಾರ ಜಾಸ್ತಿ ಆದದ್ದೇ ಲಾಭದ ಹಾಗೆ ಕಾಣುತ್ತದೆ.

ಗ್ರಾಫ್ ಇಲ್ಲದೆ ತಾಳೆ ನೋಡಲು ಒಂದು ದಾರಿ ಉಂಟು. ಗೆರೆ ನೇರವಾಗಿದ್ದರೆ, ಮಾರಾಟ ಸೊನ್ನೆಯಾಗುವ ಬೆಲೆ ಮತ್ತು ಪ್ಯಾಕೆಟಿನ ಖರ್ಚು, ಇವೆರಡರ ನಟ್ಟನಡುವೆ ಒಳ್ಳೆಯ ಬೆಲೆ ಕೂರುತ್ತದೆ. ಇಲ್ಲಿ ಮಾರಾಟ ಸೊನ್ನೆಯಾಗುವುದು 700 ÷ 4 = 175ರಲ್ಲಿ. 175 ಮತ್ತು 60ರ ನಡು 117.50. ಖರ್ಚನ್ನೇ ಬಿಟ್ಟರೆ 175 ಮತ್ತು 0 ನಡು 87.50. ನಿಮ್ಮ ಮೂವತ್ತು ರೂಪಾಯಿ ಬಂದದ್ದು ಅಲ್ಲಿಂದ. 60ರ ಅರ್ಧ.

ಕ್ಯಾಂಟೀನ್, ಮಣಿಪಾಲ

ಎಲ್ಲ ಸರಿ ಮಾರಾಯ್ರೆ, ಆದರೆ ಆ 4,500 ಎಲ್ಲಿ ಹೋಯಿತು? ಡೆರಿವೇಟಿವ್ ತೆಗೆದ ಕೂಡಲೇ ಅದು ಮಾಯ. ನಾಳೆ ಬಾಡಿಗೆ ಏರಿದರೂ ಬೆಲೆ 117.50 ಅಂತಲೇ ಹೇಳುತ್ತೀರಾ? ನಾವು ಕ್ಯಾಂಟೀನ್ ನಡೆಸುವವರು. ಬಾಡಿಗೆ ಏರಿದಾಗ ಚಹಾದ ಬೆಲೆ ಏರಿಸಲೇಬೇಕು. ಇಲ್ಲದಿದ್ದರೆ ಬಾಡಿಗೆ ಯಾರು ಕೊಡುವುದು?

ಗಣಿತ ಮೇಷ್ಟ್ರು, ಕುಂದಾಪುರ

ಹೌದು, ಬೆಲೆ 117.50 ಅಂತಲೇ ಹೇಳುತ್ತೇನೆ. ಲೆಕ್ಕ ಹಾಕಿ ನೋಡೋಣ.

ಬಾಡಿಗೆ ವಾರಕ್ಕೆ 1,000 ಏರಿತು ಅನ್ನಿ. ಬೆಲೆ ಮುಟ್ಟದಿದ್ದರೆ ಲಾಭ 8,725 ಇದ್ದದ್ದು 7,725 ಆಗುತ್ತದೆ. ಈಗ ಆ ಸಾವಿರವನ್ನು ಗಿರಾಕಿಗಳ ಮೇಲೆ ಹಂಚಲು ನೋಡಿ. 230 ಪ್ಯಾಕೆಟಿಗೆ ಹಂಚಿದರೆ ತಲಾ ನಾಲ್ಕೂವರೆ ರೂಪಾಯಿ ಹತ್ತಿರ. ಬೆಲೆ 122 ಮಾಡಿದಿರಿ. ಮಾರಾಟ 212ಕ್ಕೆ ಇಳಿಯುತ್ತದೆ. 62ರಂತೆ 13,144. ಅದರಲ್ಲಿ 5,500 ಕಳೆದರೆ 7,644. ಸಾವಿರ ಹೇಗೂ ಹೋಯಿತು, ಅದರ ಜೊತೆ ಇನ್ನೂ 81 ರೂಪಾಯಿ ಹೋಯಿತು.

ಕಾರಣ ಸರಳ. ಬಾಡಿಗೆ ಏರಿದ್ದು ನಿಮಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಅವರು ಬೆಲೆ ನೋಡಿ ಕೊಳ್ಳುತ್ತಾರೆ. ಅವರ ಕಡೆ ಏನೂ ಬದಲಾಗಿಲ್ಲ. ಒಂದು ಪ್ಯಾಕೆಟ್ ಜಾಸ್ತಿ ಕರಿಯುವ ಖರ್ಚೂ ಬದಲಾಗಿಲ್ಲ. ಹಾಗಿರುವಾಗ ಒಳ್ಳೆಯ ಬೆಲೆ ಬದಲಾಗಲು ಕಾರಣವೇ ಇಲ್ಲ. 122ರಲ್ಲಿ ಲಾಭ ಜಾಸ್ತಿ ಆಗುವುದಿದ್ದರೆ ಬಾಡಿಗೆ ಏರುವ ಮೊದಲೇ 122 ಮಾಡಬೇಕಿತ್ತು ಅಲ್ವಾ?

ಕ್ಯಾಂಟೀನ್, ಮಣಿಪಾಲ

ಕಾಗದದಲ್ಲಿ ಒಪ್ಪುತ್ತೇನೆ. ಆದರೆ ನಮ್ಮ ಬೀದಿಯಲ್ಲಿ ಬಾಡಿಗೆ ಏರಿದರೆ ಎಲ್ಲರಿಗೂ ಏರುತ್ತದೆ. ಎಲ್ಲರೂ ಚಹಾ 2 ರೂಪಾಯಿ ಏರಿಸುತ್ತಾರೆ. ಆಗ ನಾನು ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವುದಿಲ್ಲ. ಅಲ್ಲಿಯೂ ಅದೇ ರೇಟು. ಇದನ್ನು ನಿಮ್ಮ ಗೆರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಲೆಕ್ಕಪತ್ರ, ಹಂಪನಕಟ್ಟೆ

ಇದು ಗಟ್ಟಿ ಮಾತು. ಮೇಷ್ಟ್ರ ಗೆರೆ ಎಳೆಯುವಾಗ ಪಕ್ಕದ ಅಂಗಡಿಯ ಬೆಲೆ ಇದ್ದಲ್ಲೇ ಇದೆ ಎಂದು ಸುಮ್ನೆ ಒಪ್ಪಿಕೊಂಡಿದ್ದೇವೆ. ಎಲ್ಲರೂ ಏರಿಸಿದರೆ ನಿಮ್ಮ ಗೆರೆಯೇ ಮೇಲೆ ಸರಿಯುತ್ತದೆ. ಹೊಸ ಗೆರೆಗೆ ಹೊಸ ತುದಿ. ಆದರೆ ಗಮನಿಸಿ, ಆಗಲೂ ಬೆಲೆ ಏರಿದ್ದು ನಿಮ್ಮ ಬಾಡಿಗೆಯಿಂದ ಅಲ್ಲ, ಪಕ್ಕದವರ ಬೆಲೆಯಿಂದ. ಪಕ್ಕದವರದ್ದು ಸ್ವಂತ ಕಟ್ಟಡವಾಗಿದ್ದು ಅವರು ಏರಿಸದೇ ಇದ್ದರೆ?

ಬಾಡಿಗೆ ತೀರ್ಮಾನ ಮಾಡುವ ವಿಷಯ ಇನ್ನೊಂದು ಉಂಟು. ಅತ್ಯುತ್ತಮ ಬೆಲೆಯಲ್ಲೂ ಕೈಗೆ ಏನೂ ಉಳಿಯದಿದ್ದರೆ ಆ ಜಾಗದಲ್ಲಿ ಚಿಪ್ಸ್ ಬಿಟ್ಟು ಬೇರೆ ಏನಾದರೂ ಮಾಡಬೇಕು, ಇಲ್ಲವೇ ಜಾಗ ಬಿಡಬೇಕು. ನಡೆಸುವುದೋ ಬಿಡುವುದೋ ಎನ್ನುವುದಕ್ಕೆ ಬಾಡಿಗೆ ಬೇಕು. ಎಷ್ಟಕ್ಕೆ ಮಾರುವುದು ಎನ್ನುವುದಕ್ಕೆ ಬೇಡ.

ಬೋಟಿನ ಮನೆ, ಮಲ್ಪೆ

ನಮ್ಮ ಕಡೆ ಇದು ಕಣ್ಣೆದುರೇ ಕಾಣುತ್ತದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗಲೂ ಬೋಟಿನ ಸಾಲದ ಕಂತು ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಬೋಟು ಇಳಿದಾಗ ಆ ಎರಡು ತಿಂಗಳ ಕಂತನ್ನು ಮೀನಿನ ದರಕ್ಕೆ ಸೇರಿಸಿ ಕೇಳಲು ಆಗುತ್ತದಾ? ಬಂದರಿನಲ್ಲಿ ಏಲಂ ನಡೆಯುತ್ತದೆ. ಬಂಗುಡೆ ಎಷ್ಟು ಬಂದಿದೆ, ಕೊಳ್ಳುವವರು ಎಷ್ಟು ಜನ ಇದ್ದಾರೆ, ಅದರ ಮೇಲೆ ದರ. ನಮ್ಮ ಕಂತು ಯಾರಿಗೂ ಬೇಡ.

ನಮ್ಮ ತೀರ್ಮಾನ ಬೇರೆ ತರಹ. ಇನ್ನೂ ಒಂದು ದಿನ ಕಡಲಲ್ಲಿ ನಿಂತರೆ ಸುಡುವ ಡೀಸೆಲ್, ಕರಗುವ ಐಸು, ಕೆಲಸದವರ ಪಾಲು. ಅದಕ್ಕಿಂತ ಜಾಸ್ತಿಯ ಮೀನು ಸಿಗುವ ಹಾಗಿದ್ದರೆ ನಿಲ್ಲುವುದು. ಇಲ್ಲದಿದ್ದರೆ ವಾಪಸ್.

ಮಲ್ಲಿಗೆ ತೋಟ, ಶಿರ್ವ

ನಮ್ಮದೂ ಅದೇ ಕಥೆ. ಶಂಕರಪುರ ಮಲ್ಲಿಗೆಯ ದಿನದ ದರ ಹೂವು ಕೊಳ್ಳುವ ಕಟ್ಟೆಯಲ್ಲಿ ಗೊತ್ತಾಗುತ್ತದೆ. ಮದುವೆ ಸೀಸನ್ ಇದ್ದರೆ ಅಟ್ಟೆಗೆ, ಅಂದರೆ ಮಲ್ಲಿಗೆ ಚೆಂಡುಗಳ ಕಟ್ಟಿಗೆ, ದರ ಏರುತ್ತದೆ, ಶುಭಕಾರ್ಯ ಇಲ್ಲದ ದಿನಗಳಲ್ಲಿ ಬೀಳುತ್ತದೆ. ನಾನೊಬ್ಬಳು ಹತ್ತು ರೂಪಾಯಿ ಜಾಸ್ತಿ ಕೇಳಿದರೆ ನನ್ನ ಹೂವು ಸಂಜೆಗೆ ಬಾಡುತ್ತದೆ, ಅಷ್ಟೆ. ಈ ಬೆಲೆಯ ಲೆಕ್ಕ ನಮ್ಮಂಥವರಿಗೆ ಉಪಯೋಗ ಇಲ್ಲ ಅಂತಾಯಿತಾ?

ಗಣಿತ ಮೇಷ್ಟ್ರು, ಕುಂದಾಪುರ

ಬೆಲೆಗೆ ಉಪಯೋಗ ಇಲ್ಲ, ಪ್ರಮಾಣಕ್ಕೆ ಉಂಟು. ಮಲ್ಪೆಯವರು ಮಾಡುತ್ತಿರುವುದು ಅದನ್ನೇ. ದರ ನಮ್ಮ ಕೈಯಲ್ಲಿ ಇಲ್ಲದಾಗ ಡೆರಿವೇಟಿವನ್ನು ಬೆಲೆಯ ಮೇಲೆ ಅಲ್ಲ, ಪ್ರಮಾಣದ ಮೇಲೆ ತೆಗೆಯಬೇಕು. ಇನ್ನೊಂದು ಚೆಂಡು ಮಲ್ಲಿಗೆ ಕೊಯ್ಯುವ ಕೂಲಿ ಆ ಚೆಂಡಿನ ದರಕ್ಕಿಂತ ಕಡಿಮೆ ಇರುವ ತನಕ ಕೊಯ್ಯಿಸಿ. ಕಲ್ಸಂಕದವರಿಗೆ ತಮ್ಮದೇ ರುಚಿ, ತಮ್ಮದೇ ಗಿರಾಕಿ ಇದ್ದಾರೆ. ಹಾಗಾಗಿ ಬೆಲೆ ಸ್ವಲ್ಪ ಅವರ ಕೈಯಲ್ಲಿದೆ.

ಆಟದ ಅಭಿಮಾನಿ, ಬ್ರಹ್ಮಾವರ

ತಂಗಿ ತೆಗೆದ 87.50ರ ತರಹದ ಲೆಕ್ಕ ಸರಿಯಾಗಿ ಹೊಂದುವ ಜಾಗವೂ ಉಂಟು. ಟೆಂಟ್ ಮೇಳದ ಯಕ್ಷಗಾನ ನೋಡಿ. ಕಲಾವಿದರ ಸಂಬಳ, ಲಾರಿ, ದೀಪ ಎಲ್ಲ ಆಟ ಶುರುವಾಗುವ ಮೊದಲೇ ಖರ್ಚಾಗಿ ಹೋಗಿದೆ. ಇನ್ನೊಬ್ಬ ಪ್ರೇಕ್ಷಕ ಬಂದು ಕೂತರೆ ಮೇಳಕ್ಕೆ ಹೆಚ್ಚಿನ ಖರ್ಚು ಏನೂ ಇಲ್ಲ. ಅಲ್ಲಿ ಒಟ್ಟು ಕಲೆಕ್ಷನ್ ಜಾಸ್ತಿ ಮಾಡುವ ಟಿಕೆಟ್ ದರವೇ ಲಾಭ ಜಾಸ್ತಿ ಮಾಡುವ ದರ. ಕುರ್ಚಿ ತುಂಬಿ ಹೋಗುವ ಹಾಗಿದ್ದರೆ ಮಾತ್ರ ಲೆಕ್ಕ ಬದಲು. ಆಗ ಡೆರಿವೇಟಿವ್ ಸೊನ್ನೆಯಾಗುವ ಬೆಲೆ ಬೇಡ, ಕುರ್ಚಿ ಸರಿಯಾಗಿ ತುಂಬುವ ಬೆಲೆ ಬೇಕು.

ಕಟೀಲು ಮೇಳಗಳ ಹರಕೆಯಾಟಕ್ಕೆ ಟಿಕೆಟ್ಟೇ ಇಲ್ಲ. ಆಡಿಸುವವರು ಖರ್ಚು ಕೊಡುತ್ತಾರೆ, ಊರಿಡೀ ಬಂದು ನೋಡುತ್ತದೆ. ನನಗೆ ಅದೇ ಇಷ್ಟ, ಅದನ್ನೂ ಹೇಳಿಬಿಡುತ್ತೇನೆ.

ಗಣಿತ ಮೇಷ್ಟ್ರು, ಕುಂದಾಪುರ

ಈ ಲೆಕ್ಕದ ಹುಟ್ಟೇ ಅಂಥ ಉದಾಹರಣೆಯಿಂದ. ಫ್ರಾನ್ಸಿನ ಗಣಿತಜ್ಞ ಆಂಟ್ವಾನ್ ಆಗಸ್ಟಿನ್ ಕೂರ್ನೋ 1838ರಲ್ಲಿ ಇದನ್ನು ಬರೆದರು. ಒಬ್ಬನ ಜಾಗದಲ್ಲಿ ಔಷಧಿ ಗುಣದ ಖನಿಜ ನೀರಿನ ಬುಗ್ಗೆ ಇದೆ. ಬೇರೆ ಯಾರ ಬಳಿಯೂ ಅಂಥ ನೀರಿಲ್ಲ. ನೀರು ತಾನಾಗಿ ಬರುತ್ತದೆ, ಖರ್ಚಿಲ್ಲ. ಅವನು ಎಷ್ಟಕ್ಕೆ ಮಾರಬೇಕು? ಬೆಲೆ ಗುಣಿಸು ಮಾರಾಟ, ಅದರ ಡೆರಿವೇಟಿವ್ ಸೊನ್ನೆ. ತಂಗಿ ಬರೆದ ಸಾಲೇ ಅದು. ಆಮೇಲೆ ಕೂರ್ನೋ ಖರ್ಚನ್ನೂ ಸೇರಿಸಿದರು, ಪಕ್ಕದಲ್ಲಿ ಇನ್ನೊಂದು ಬುಗ್ಗೆ ಬಂದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿದರು. ಮಣಿಪಾಲದವರ ಪ್ರಶ್ನೆ ಆ ಎರಡನೆಯ ಬುಗ್ಗೆಯದ್ದೇ. 1883ರಲ್ಲಿ ಫ್ರಾನ್ಸಿನ ಇನ್ನೊಬ್ಬ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ ಇದನ್ನು ಟೀಕಿಸಿದರು. ಎದುರಾಳಿಗಳು ಬೆಲೆ ಇಳಿಸಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುತ್ತಾರಲ್ಲ ಎಂದು ಕೇಳಿದರು. ಆ ವಾದ ಇವತ್ತಿಗೂ ಪಾಠದಲ್ಲಿ ಇದೆ.

ಅಂಕಿಅಂಶ, ಕೊಣಾಜೆ

ಇಲ್ಲಿಯ ತನಕ ಎಲ್ಲರೂ ತುದಿಯ ಬಗ್ಗೆ ಮಾತಾಡಿದ್ದೀರಿ. ನನಗೆ ಚಿಂತೆ ಇರುವುದು ಗೆರೆಯ ಬಗ್ಗೆ. ಅಂಗಡಿಯವರು ಕೊಟ್ಟದ್ದು ಎರಡೇ ಬಿಂದು. ಎರಡು ಬಿಂದುಗಳ ಮೂಲಕ ನೇರ ಗೆರೆ ಒಂದೇ. ಆದರೆ ಬಾಗಿದ ಗೆರೆಗಳು ಎಷ್ಟು ಬೇಕಾದರೂ ಹೋಗುತ್ತವೆ.

ಉದಾಹರಣೆಗೆ ಇನ್ನೊಂದು ಊಹೆ ಮಾಡೋಣ. ಬೆಲೆ ಶೇಕಡಾ 1 ಏರಿದಾಗಲೆಲ್ಲ ಮಾರಾಟ ಶೇಕಡಾ 1.7ರಷ್ಟು ಇಳಿಯುತ್ತದೆ, ಯಾವ ಬೆಲೆಯಲ್ಲಿ ನಿಂತರೂ ಅದೇ ಪ್ರಮಾಣ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರ ತಮ್ಮ ಪುಸ್ತಕದಲ್ಲಿ ಹೇಳಿದ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೆ ಈ 1.7ರಂಥ ಅಳತೆಯೇ. 100ಕ್ಕೆ 300, 120ಕ್ಕೆ 220, ಈ ಎರಡೂ ಬಿಂದುಗಳ ಮೂಲಕ ಈ ಗೆರೆಯೂ ಸರಿಯಾಗಿ ಹೋಗುತ್ತದೆ. ಈಗ ಡೆರಿವೇಟಿವ್ ಹಾಕಿ ತುದಿ ತೆಗೆದರೆ, ಬೆಲೆ = ಖರ್ಚು × 1.7 ÷ (1.7 − 1). ಅಂದರೆ 60 × 1.7 ÷ 0.7, ಸುಮಾರು 146 ರೂಪಾಯಿ.

ನೋಡಿ. ಅಂಕಿಗಳು ಅವೇ, ಡೆರಿವೇಟಿವ್ ಎರಡು ಕಡೆಯೂ ಸರಿ. ಒಂದು 117.50 ಅನ್ನುತ್ತದೆ, ಇನ್ನೊಂದು 146. ಅಣ್ಣ ಹೇಳಿದ 140 ಇದರಲ್ಲಿ ತೀರಾ ಹತ್ತಿರ. ಡೆರಿವೇಟಿವ್ ನಾವು ಕೊಟ್ಟ ಗೆರೆಯ ತುದಿ ಹೇಳುತ್ತದೆ. ಆ ಗೆರೆ ನಮ್ಮ ಗಿರಾಕಿಗಳದ್ದು ಹೌದೋ ಎಂದು ಹೇಳುವುದು ಅದರ ಕೆಲಸವಲ್ಲ.

ಚಿಪ್ಸ್ ಅಂಗಡಿ, ಕಲ್ಸಂಕ

ಹಾಗಾದರೆ ಏನು ಮಾಡುವುದು? ಈಗ ಮನೆಯಲ್ಲಿ ಅಣ್ಣನಿಗೆ ಬಲ ಬಂದಿದೆ.

ಅಂಕಿಅಂಶ, ಕೊಣಾಜೆ

ಗೆರೆ ಯಾವುದು ಎಂದು ಗೊತ್ತಾಗುವ ಮೊದಲೇ ಒಂದು ಉಪಯುಕ್ತ ಲೆಕ್ಕ ಮಾಡಬಹುದು. ತಪ್ಪಾದರೆ ಎಷ್ಟು ನಷ್ಟ ಅನ್ನುವುದು.

ಬಾಗಿದ ಗೆರೆಯೇ ನಿಜ ಅನ್ನಿ. ಆಗ 120ರಲ್ಲೇ ಉಳಿದರೆ ವಾರಕ್ಕೆ 8,700. ಅತ್ಯುತ್ತಮವಾದ 146ಕ್ಕೆ ಹೋದರೆ ಸುಮಾರು 9,050. ಹೋಗದೇ ಇದ್ದದ್ದಕ್ಕೆ ಕಳೆದುಕೊಂಡದ್ದು 350 ರೂಪಾಯಿ.

ನೇರ ಗೆರೆಯೇ ನಿಜ ಅನ್ನಿ. ಆಗ 120ರಲ್ಲಿ ಅದೇ 8,700, ತುದಿಗಿಂತ ಬರೀ 25 ಕಡಿಮೆ. 146 ಮಾಡಿಬಿಟ್ಟರೆ 116 ಪ್ಯಾಕೆಟ್ ಮಾತ್ರ ಹೋಗಿ ಲಾಭ 5,476. ಅಂದರೆ 3,200ಕ್ಕಿಂತ ಜಾಸ್ತಿ ಕೈ ಬಿಟ್ಟಿತು.

ಒಂದು ಕಡೆ ತಪ್ಪಿದರೆ 350, ಇನ್ನೊಂದು ಕಡೆ ತಪ್ಪಿದರೆ 3,200. ಹಾಗಾಗಿ ನನ್ನ ಮಾತು: ಸದ್ಯ 120ರಲ್ಲೇ ಇರಿ.

ಗಣಿತ ಮೇಷ್ಟ್ರು, ಕುಂದಾಪುರ

ಕೊಣಾಜೆಯವರ ಮಾತಿಗೆ ಒಂದು ಸೇರಿಸುತ್ತೇನೆ. ತುದಿಯಲ್ಲಿ ಡೆರಿವೇಟಿವ್ ಸೊನ್ನೆ ಅಂದರೆ ಅಲ್ಲಿ ನೆಲ ಸಪಾಟು ಎಂದರ್ಥ. ಕಾರ್ಕಳದ ಗೊಮ್ಮಟ ಬೆಟ್ಟದ ಮೇಲೆ ನಿಂತ ಹಾಗೆ, ನಾಲ್ಕು ಹೆಜ್ಜೆ ಆಚೆ ಈಚೆ ಹೋದರೂ ಎತ್ತರ ಹೆಚ್ಚು ಬದಲಾಗುವುದಿಲ್ಲ. ನೇರ ಗೆರೆಯ ಲೆಕ್ಕದಲ್ಲಿ 110ಕ್ಕೆ 8,500, 115ಕ್ಕೆ 8,700, 120ಕ್ಕೂ 8,700, 130ಕ್ಕೆ 8,100. ತುದಿಯಿಂದ ಎಷ್ಟು ದೂರವೋ ಅದರ ವರ್ಗವನ್ನು ನಾಲ್ಕರಿಂದ ಗುಣಿಸಿದಷ್ಟು ನಷ್ಟ. ಎರಡೂವರೆ ರೂಪಾಯಿ ದೂರಕ್ಕೆ 25, ಏಳೂವರೆಗೆ 225, ಹನ್ನೆರಡೂವರೆಗೆ 625. ಹತ್ತಿರ ಇದ್ದಾಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದೂರ ಹೋದ ಹಾಗೆ ಬೇಗ ಬೀಳುತ್ತದೆ.

117.50ಕ್ಕೆ ಚಿಲ್ಲರೆ ಹುಡುಕುವುದು ಬೇಡ.

ಲೆಕ್ಕಪತ್ರ, ಹಂಪನಕಟ್ಟೆ

115ಕ್ಕೂ 120ಕ್ಕೂ ಲಾಭ ಒಂದೇ ಇದ್ದರೆ ನಾನು 120 ಅನ್ನುತ್ತೇನೆ. 240ರ ಬದಲು 220 ಪ್ಯಾಕೆಟ್ ಕರಿದರೆ ಸಾಕು. ಬಾಣಲೆ ಎದುರು ನಿಲ್ಲುವ ಹೊತ್ತು ಕಡಿಮೆ, ಎಣ್ಣೆಗೆ ಮೊದಲೇ ಹಾಕುವ ದುಡ್ಡೂ ಕಡಿಮೆ.

ಕ್ಯಾಂಟೀನ್, ಮಣಿಪಾಲ

ನಾನು 115 ಅನ್ನುತ್ತೇನೆ. ವಾರಕ್ಕೆ 20 ಪ್ಯಾಕೆಟ್ ಜಾಸ್ತಿ ಅಂದರೆ 20 ಮನೆಗೆ ಜಾಸ್ತಿ ಹೋಯಿತು. ಅವರು ನೆಂಟರಿಗೆ ಕೊಡುತ್ತಾರೆ, ಮುಂಬೈಗೆ ಹೋಗುವಾಗ ಕಟ್ಟಿಸಿಕೊಂಡು ಹೋಗುತ್ತಾರೆ. ಈ ವಾರದ ಲಾಭದ ಗೆರೆಯಲ್ಲಿ ಅದು ಕಾಣುವುದಿಲ್ಲ. ಅಂಗಡಿಯ ಅಪ್ಪ ಹೇಳುವ ಮಾತಿನಲ್ಲಿ ಆ ಅರ್ಥ ಉಂಟು, ಅದನ್ನು ತಳ್ಳಿಹಾಕಬೇಡಿ.

ಲೆಕ್ಕಪತ್ರ, ಹಂಪನಕಟ್ಟೆ

ಅದನ್ನು ಒಪ್ಪಲೇಬೇಕು. ಅಂಗಡಿಯವರಿಗೆ ಒಂದು ಪ್ರಶ್ನೆ. ಕರಿಯುವವರಿಗೆ ದಿನಗೂಲಿಯಾ, ಕೆಜಿ ಲೆಕ್ಕವಾ?

ಚಿಪ್ಸ್ ಅಂಗಡಿ, ಕಲ್ಸಂಕ

ದಿನಗೂಲಿ. ಆದರೆ ಮುಂದಿನ ತಿಂಗಳಿಂದ ಪ್ಯಾಕೆಟಿಗೆ 8 ರೂಪಾಯಿಯಂತೆ ಕೊಡಿ ಎಂದು ಕೇಳುತ್ತಿದ್ದಾರೆ. ಅದರಿಂದ ವ್ಯತ್ಯಾಸ ಆಗುತ್ತದಾ?

ಲೆಕ್ಕಪತ್ರ, ಹಂಪನಕಟ್ಟೆ

ಆಗುತ್ತದೆ. ದಿನಗೂಲಿ ಆದರೆ ಅದು ಬಾಡಿಗೆಯ ಪಕ್ಕದಲ್ಲಿ ಕೂರುತ್ತದೆ, ಬೆಲೆಯನ್ನು ಮುಟ್ಟುವುದಿಲ್ಲ. ಪ್ಯಾಕೆಟ್ ಲೆಕ್ಕ ಆದರೆ ಬಾಳೆಕಾಯಿ, ಎಣ್ಣೆಯ ಪಕ್ಕಕ್ಕೆ ಬರುತ್ತದೆ. 60 ಹೋಗಿ 68 ಆಗುತ್ತದೆ. ನೇರ ಗೆರೆಯಲ್ಲಿ 68 ಮತ್ತು 175ರ ನಡು 121.50. ಅಂದರೆ ಖರ್ಚು 8 ಏರಿದರೆ ಬೆಲೆ ಏರಬೇಕಾದದ್ದು 4.

ಎಣ್ಣೆಗೂ ಇದೇ ಲೆಕ್ಕ. 2025ರಲ್ಲಿ ತೆಂಗಿನೆಣ್ಣೆ ಯಾವ ಪರಿ ಏರಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮತ್ತೆ ಹಾಗೆ ಆಗಿ ಪ್ಯಾಕೆಟಿನ ಖರ್ಚು 60ರಿಂದ 70 ಆಯಿತು ಅನ್ನಿ. ಹತ್ತಕ್ಕೆ ಹತ್ತನ್ನೂ ಗಿರಾಕಿಗೆ ಹಾಕಿ 127.50 ಮಾಡಿದರೆ, ಬಾಡಿಗೆ ಸಂಬಳ ಕಳೆಯುವ ಮೊದಲು 10,925 ಉಳಿಯುತ್ತದೆ. ಬೆಲೆಯನ್ನು ಮುಟ್ಟದೇ 117.50ರಲ್ಲೇ ಇದ್ದರೂ ಅದೇ 10,925. ಅರ್ಧ ಹಾಕಿ 122.50 ಮಾಡಿದರೆ 11,025. ಪೂರ್ತಿ ನುಂಗುವುದೂ ಬೇಡ, ಪೂರ್ತಿ ದಾಟಿಸುವುದೂ ಬೇಡ.

ಬಾಗಿದ ಗೆರೆಯಲ್ಲಿ ಮಾತ್ರ ಇದು ಅರ್ಧ ಅಲ್ಲ, ಹತ್ತಕ್ಕಿಂತಲೂ ಜಾಸ್ತಿ ದಾಟಿಸು ಅನ್ನುತ್ತದೆ. ಹಾಗಾಗಿ ಮತ್ತೆ ಕೊಣಾಜೆಯವರ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಕಲ್ಸಂಕದ ತಂಗಿ

ಯಾವ ಗೆರೆ ಎಂದು ತಿಳಿಯಲು ಮೂರನೆಯ ಬಿಂದು ಬೇಕು ಅಂತ ಅರ್ಥವಾಯಿತು. 110 ಮಾಡಿ ನೋಡಿದರೆ ಸಾಕಾ? ಗಿರಾಕಿಗಳಿಗೂ ಖುಷಿ.

ಅಂಕಿಅಂಶ, ಕೊಣಾಜೆ

110 ಏನೂ ಹೇಳುವುದಿಲ್ಲ. ನೇರ ಗೆರೆ ಅಲ್ಲಿ 260 ಅನ್ನುತ್ತದೆ, ಬಾಗಿದ ಗೆರೆ 255 ಅನ್ನುತ್ತದೆ. ಬೆಲೆ ಬದಲಾಗದಿದ್ದರೂ ನಿಮ್ಮ ಮಾರಾಟ ಒಂದು ವಾರ 205, ಇನ್ನೊಂದು ವಾರ 235 ಆಗುವುದು ಸಹಜ. ಆ ಏರಿಳಿತದಲ್ಲಿ ಐದು ಪ್ಯಾಕೆಟಿನ ವ್ಯತ್ಯಾಸ ಹುಡುಕಲು ಆಗುವುದಿಲ್ಲ. 140ರಲ್ಲಿ ನೇರ ಗೆರೆ 140 ಪ್ಯಾಕೆಟ್ ಅನ್ನುತ್ತದೆ, ಬಾಗಿದ ಗೆರೆ ಸುಮಾರು 169 ಅನ್ನುತ್ತದೆ. ಅಲ್ಲಿ ವ್ಯತ್ಯಾಸ ಕಾಣುತ್ತದೆ. ಅಣ್ಣನ ಬೆಲೆಯನ್ನು ಪರೀಕ್ಷೆಗೆ ಇಡುವುದೇ ಒಳ್ಳೆಯದು.

ಆದರೆ ಹೇಗೆ ಪರೀಕ್ಷಿಸುತ್ತೀರಿ ಎನ್ನುವುದು ಮುಖ್ಯ. ಒಂದು ವಾರ 140, ಮರು ವಾರ 120, ಹೀಗೆ ಬದಲಿಸುತ್ತಾ ಹೋಗಿ. ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಅಂತ ಮಾಡಬೇಡಿ. ನಡುವೆ ಶಾಲೆಗೆ ರಜೆ ಬಂದರೆ ಗೆರೆಯೇ ಸರಿಯುತ್ತದೆ. ಕೃಷ್ಣ ಮಠದ ಅಷ್ಟಮಿ ಮತ್ತು ವಿಟ್ಲಪಿಂಡಿ ಹಬ್ಬದ ವಾರವನ್ನು ಲೆಕ್ಕದಿಂದ ಬಿಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ, ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಉತ್ಸವದ ವಾರವನ್ನೂ ಬಿಡಿ. ರಥಬೀದಿ ತುಂಬಿದ ದಿನ ಕಲ್ಸಂಕದಲ್ಲಿ ಯಾವ ಬೆಲೆಗೂ ಚಿಪ್ಸ್ ಹೋಗುತ್ತದೆ. ಆ ವಾರದ ಅಂಕಿ ನೋಡಿ ವರ್ಷದ ಬೆಲೆ ಇಡಬಾರದು. ಮೊದಲು ಕೊಟ್ಟ 300 ಮತ್ತು 220 ಯಾವ ವಾರಗಳದ್ದು ಎಂದೂ ಒಮ್ಮೆ ಪುಸ್ತಕ ತೆಗೆದು ನೋಡಿ.

ಲೆಕ್ಕಪತ್ರ, ಹಂಪನಕಟ್ಟೆ

ಒಂದು ಎಚ್ಚರಿಕೆ. ಪ್ಯಾಕೆಟಿನ ಮೇಲೆ ಮುದ್ರಿಸಿದ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. 120ರ ಚೀಟಿಯ ಮೇಲೆ 140ರ ಚೀಟಿ ಅಂಟಿಸಬೇಡಿ. 140ರ ವಾರಕ್ಕೆ ಹೊಸದಾಗಿ ಪ್ಯಾಕ್ ಮಾಡಿ.

ಚಿಪ್ಸ್ ಅಂಗಡಿ, ಕಲ್ಸಂಕ

ಮಾಡುತ್ತೇವೆ. 220ರ ವಾರಗಳಲ್ಲಿ ಹಬ್ಬ ಯಾವುದೂ ಇರಲಿಲ್ಲ, ಪುಸ್ತಕ ನೋಡಿದೆ. ಒಂದೇ ಒಂದು ಸಂದೇಹ. 140ರಲ್ಲಿ 155 ಪ್ಯಾಕೆಟ್ ಹೋಯಿತು ಅನ್ನಿ. ಎರಡು ಗೆರೆಗೂ ಹತ್ತಿರ ಇಲ್ಲ. ಆಗ ಅಪ್ಪನಿಗೂ ಅಣ್ಣನಿಗೂ ಏನು ಹೇಳಲಿ?

ಗಣಿತ ಮೇಷ್ಟ್ರು, ಕುಂದಾಪುರ

ಆಗ ಗೆರೆ ಬೇಡ, ಭಾಗಾಕಾರ ಸಾಕು. ಈಗ 120ರಲ್ಲಿ 220 ಪ್ಯಾಕೆಟ್, ತಲಾ 60 ಉಳಿಕೆ. ಒಟ್ಟು 13,200. 140ರಲ್ಲಿ ಪ್ಯಾಕೆಟಿಗೆ ಉಳಿಯುವುದು 80. 13,200ನ್ನು 80ರಿಂದ ಭಾಗಿಸಿದರೆ 165. ಅಣ್ಣನ ಬೆಲೆ ಗೆಲ್ಲಬೇಕಾದರೆ ವಾರಕ್ಕೆ 165ಕ್ಕಿಂತ ಜಾಸ್ತಿ ಹೋಗಬೇಕು. 155 ಬಂದರೆ 120ಕ್ಕೆ ವಾಪಸ್ ಬನ್ನಿ. ಅಪ್ಪನ 100ರಲ್ಲಿ ಉಳಿಯುವುದು 40. 13,200 ಭಾಗಿಸು 40, ಅಂದರೆ 330 ಹೋಗಬೇಕು. ನಿಮ್ಮ ಪುಸ್ತಕದಲ್ಲಿ 300 ಇದೆ. ಈ ಎರಡು ಸಂಖ್ಯೆ, 165 ಮತ್ತು 330, ಗಲ್ಲಾ ಪಕ್ಕದ ಗೋಡೆಗೆ ಬರೆದಿಡಿ. ಎಣ್ಣೆಯ ದರ ಬದಲಾದ ದಿನ ಅಳಿಸಿ ಮತ್ತೆ ಲೆಕ್ಕ ಹಾಕಿ.